ಇಟಲಿಗೆ ಒಂದೇ ಸಲ ಕರೆದರು

ನಾನು ಓದು ನಿಲ್ಲಿಸಿದ್ದು ೧೯೯೨ರಲ್ಲಿ, ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ. ಮಂಡ್ಯದ ಒಂದು ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವ ಕೆಲಸಕ್ಕೆ ಕೂತೆ. ಅವತ್ತಿನಿಂದ ಇವತ್ತಿನವರೆಗೆ ಹೊಲಿಗೆ ಮೆಷಿನ್ನಿನ ಸದ್ದು ಕೇಳದೆ ಒಂದು ವಾರ ಕಳೆದದ್ದು ನನಗೆ ನೆನಪಿಲ್ಲ. ಮದುವೆಯಾದ ಮೇಲೆ, ನರ್ಸ್ ಆಗಿದ್ದ ಹೆಂಡತಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿತು. ಅವಳ ಹಿಂದೆ ನಾನೂ ಬಂದೆ. ಹೆಂಡತಿ ಸೆರಗು ಹಿಡಿದು ಬಂದವನು ಎಂದು ಯಾರೂ ಅನ್ನಬಾರದೆಂದು, ಬಂದ ಎರಡನೇ ವರ್ಷವೇ ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕಿನಲ್ಲಿ ಆಲ್ಟರೇಷನ್ ಅಂಗಡಿ ಹಾಕಿದೆ. ಪ್ಯಾಂಟಿನ ಉದ್ದ ತಗ್ಗಿಸುವುದು, ಕೋಟು ಬಿಗಿ ಮಾಡುವುದು, ನಮ್ಮವರ ಸೀರೆಗೆ ಬ್ಲೌಸು ಹೊಲಿಯುವುದು. ಚಳಿಗಾಲ ಹತ್ತಿರ ಬಂತೆಂದರೆ ಜಿಪ್ಪು ಹೋದ ಸ್ಕೀ ಜಾಕೆಟ್ಟುಗಳು ರಾಶಿ ಬೀಳುತ್ತವೆ. ಊರಿನವರೆಲ್ಲ ಹಿಮದಲ್ಲಿ ಜಾರುವುದಕ್ಕೆ ನಾನು ಜಿಪ್ಪು ಹಾಕಿ ಕಳಿಸುತ್ತೇನೆ.

ಕೊಲ್ಲಿಯ ಆಚೆ ದಡದಲ್ಲಿ ನನ್ನ ಷಡ್ಡಕನೂ ಇದ್ದಾನೆ. ಹೆಂಡತಿಯ ತಂಗಿಯ ಗಂಡ, ನನಗಿಂತ ಆರು ವರ್ಷ ಚಿಕ್ಕವನು, ಡಾಕ್ಟರೇಟು ಮಾಡಿದವನು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ. ಒಳ್ಳೆಯವನು. ಒಳ್ಳೆಯವನಾಗಿರುವುದೇ ತೊಂದರೆ, ಕೆಟ್ಟವನಾಗಿದ್ದರೆ ಬಯ್ದು ಹಗುರಾಗಬಹುದಿತ್ತು.

ಅವನ ಮನೆ, ಕಾರು ನೋಡಿ ನನಗೆ ಏನೂ ಅನ್ನಿಸಿದ್ದಿಲ್ಲ. ಹೊಟ್ಟೆ ಉರಿಸಿದ್ದು ಇಟಲಿ. ಪ್ರತಿ ಡಿಸೆಂಬರಿನಲ್ಲಿ ಗಂಡ ಹೆಂಡತಿ ಉತ್ತರ ಇಟಲಿಯ ಬೆಟ್ಟಗಳಿಗೆ ಹೋಗುತ್ತಾರೆ. ಜನವರಿಯಲ್ಲಿ ನಮ್ಮನ್ನು ಊಟಕ್ಕೆ ಕರೆದು ಗೋಡೆಯಷ್ಟು ದೊಡ್ಡ ಟಿವಿಯಲ್ಲಿ ಫೋಟೋ ತೋರಿಸುತ್ತಾರೆ. ಸಂಜೆ ಬಿಸಿಲಿಗೆ ಕೆಂಡದ ಬಣ್ಣಕ್ಕೆ ತಿರುಗುವ ಬಂಡೆಗಳು, ಹಿಮ ಹೊತ್ತು ಬಗ್ಗಿದ ಮರದ ಮನೆಗಳು, ಆ ಮನೆಯೊಳಗೆ ಹಬೆಯಾಡುವ ಸೂಪು. ಸ್ಕೀ ಮಾಡಿ ಸುಸ್ತಾದ ದಿನ ಮೊರದಷ್ಟು ಅಗಲದ ಸ್ನೋ ಶೂಗಳನ್ನು ಬೂಟಿನ ಕೆಳಗೆ ಕಟ್ಟಿಕೊಂಡು ಕಾಡಿನಲ್ಲಿ ನಡೆಯುತ್ತಾರಂತೆ.

"ಎರಡು ಗಂಟೆ ನಡೀತೀವಿ ಅಣ್ಣ, ಒಂದು ಸೌಂಡ್ ಇರಲ್ಲ," ಎಂದಿದ್ದ ಒಮ್ಮೆ. "ನಮ್ಮ ಉಸಿರು ನಮಗೇ ಕೇಳ್ಸುತ್ತೆ."

ಆ ಮಾತು ನನ್ನೊಳಗೆ ಸೂಜಿಯ ಹಾಗೆ ಹೊಕ್ಕಿತು. ಫೋಟೋಗಳನ್ನು ಮರೆತೆ, ಅದನ್ನು ಮರೆಯಲಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಹೆಂಡತಿ ಹೇಳಿದಳು, ಈ ಸಲ ತಂಗಿ ಮನೆಯವರು ನಮ್ಮನ್ನೂ ಕರೆಯುವ ಹಾಗಿದೆ ಎಂದು. ನಾನು ಕೇಳಿಸದವನ ಹಾಗೆ ತಟ್ಟೆ ತೊಳೆದೆ. ಮಾರನೇ ವಾರ ನೀರು ಹಿಡಿಯದ ಗಟ್ಟಿ ನೀಲಿ ಬಟ್ಟೆ ತಂದು, ಅಂಗಡಿ ಮುಚ್ಚುವ ಮುಂಚಿನ ಹೊತ್ತಿನಲ್ಲಿ ನನ್ನ ಅಳತೆಗೆ ಒಂದು ಜಾಕೆಟ್ಟು ಹೊಲಿಯಲು ಶುರು ಮಾಡಿದೆ. ಒಳಗೆ ಬೆಚ್ಚನೆ ಪದರ, ಮಣಿಕಟ್ಟಿಗೆ ಗಾಳಿ ನುಗ್ಗದ ಪಟ್ಟಿ, ಎದೆಯ ಮೇಲೆ ಎರಡು ಜೇಬು. ಯಾರಿಗೂ ಹೇಳಲಿಲ್ಲ. ಮಂಡ್ಯದಲ್ಲಿ ಮದುವೆಗೆ ಹೊಲಿದುಕೊಂಡ ಸೂಟು ಬಿಟ್ಟರೆ ನಾನು ನನಗಾಗಿ ಹೊಲಿದ ಬಟ್ಟೆ ಅದೊಂದೇ.

ದೀಪಾವಳಿಗೆ ಮಗಳನ್ನೂ ಕರೆದುಕೊಂಡು ಕೊಲ್ಲಿಯ ಸೇತುವೆ ದಾಟಿ ಅವರ ಮನೆಗೆ ಊಟಕ್ಕೆ ಹೋದೆವು. ನಾದಿನಿ ಒಬ್ಬಟ್ಟು ಬಡಿಸುತ್ತಿದ್ದಳು.

"ಸಾಕಮ್ಮ, ಆಗಲ್ಲ," ಎಂದೆ.

"ಒಂದು, ಭಾವ. ನನಗೋಸ್ಕರ."

"ಬೇಡ ಬೇಡ."

"ತುಪ್ಪ ಹಾಕಾಯ್ತು, ಇನ್ನೇನು ಮಾಡೋಕಾಗುತ್ತೆ."

ಹಾಗೇ ನಡೆಯಿತು. ಆಗ ಷಡ್ಡಕ ಕೈ ಒರೆಸಿಕೊಳ್ಳುತ್ತಾ ಹೇಳಿದ, "ಅಣ್ಣ, ಈ ಡಿಸೆಂಬರ್ ನೀವೆಲ್ಲ ನಮ್ಮ ಜೊತೆ ಇಟಲಿಗೆ ಬನ್ನಿ. ದೊಡ್ಡ ಮನೆ ಬುಕ್ ಮಾಡ್ತಿದೀವಿ."

ನೀಲಿ ಜಾಕೆಟ್ಟು ಕಣ್ಣಮುಂದೆ ಬಂತು. ಆದರೆ ಬಾಯಿ ತನ್ನ ರೂಢಿಯನ್ನು ಬಿಡಲಿಲ್ಲ. "ಅಯ್ಯೋ, ನಮಗೆಲ್ಲಪ್ಪ ಅದೆಲ್ಲ. ಡಿಸೆಂಬರ್ ಅಂದ್ರೆ ಅಂಗಡಿ ತುಂಬ ಕೆಲಸ."

"ಓ, ಹೌದಲ್ಲ. ನಿಮಗೆ ಸೀಸನ್ನು," ಎಂದ. "ಸರಿ ಅಣ್ಣ. ಅತ್ತಿಗೆನ, ಪುಟ್ಟಿನ ಆದ್ರೂ ಕಳಿಸಿ."

ಅಷ್ಟೇ. ಮಾತು ಬೇರೆ ಕಡೆಗೆ ಹೋಯಿತು. ಕರೆದ ಕೂಡಲೇ ಹೂಂ ಅನ್ನುವವನನ್ನು ನಮ್ಮ ಕಡೆ ಆಸೆಬುರುಕ ಅನ್ನುತ್ತಾರೆ. ಬೇಡ ಅನ್ನುವುದು ನಮ್ಮ ಮರ್ಯಾದೆ, ಬಿಡದೆ ಎಳೆಯುವುದು ಕರೆದವರ ಮರ್ಯಾದೆ. ಇಲ್ಲಿ ಹದಿನೈದು ವರ್ಷ ಮೀಟಿಂಗುಗಳಲ್ಲಿ ಕೂತು ಅವನು ಅದನ್ನು ಮರೆತಿದ್ದ. ಬೇಡ ಅಂದರೆ ಬೇಡ ಎಂದುಕೊಂಡ. ಆ ರಾತ್ರಿ ಒಬ್ಬಟ್ಟಿಗೆ ಮೂರು ಸಲ ಬೇಡ ಅಂದು ಮೂರು ಒಬ್ಬಟ್ಟು ತಿಂದೆ. ಇಟಲಿಗೆ ಒಂದೇ ಸಲ ಬೇಡ ಅಂದೆ.

ನವೆಂಬರಿನಲ್ಲಿ ಅವನು ತನ್ನ ಸ್ಕೀ ಪ್ಯಾಂಟಿನ ಸೊಂಟ ಬಿಡಿಸಲು ಅಂಗಡಿಗೆ ಬಂದ. ಈಗ ಕರೆಯುತ್ತಾನೆ ಎಂದುಕೊಂಡು ಟೇಪನ್ನು ನಿಧಾನವಾಗಿ ಸುತ್ತಿದೆ.

"ಎರಡಿಂಚು ಜಾಸ್ತಿ ಆಗಿದೀರಲ್ಲ."

"ಇಟಲಿ ಊಟ ಅಣ್ಣ. ಬೆಣ್ಣೆ, ಚೀಸು. ಇಳಿಯೋದೇ ಇಲ್ಲ."

"ಉಣ್ಣೋರು ಪುಣ್ಯವಂತರು. ಬಿಚ್ಚಿ ಹೊಲಿಯೋರೂ ಬೇಕಲ್ಲ."

ಅವನು ನಕ್ಕ. ನಾನು ಇನ್ನೊಮ್ಮೆ ಅಳೆದೆ, ಬೇಕಿಲ್ಲದಿದ್ದರೂ. "ನೀವು ಬರೋ ಹಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದು ಹೇಳಿ ಕಾರು ಹತ್ತಿದ. ನೀಲಿ ಜಾಕೆಟ್ಟು ಹಿಂದಿನ ಗೂಟದಲ್ಲಿ ಗಿರಾಕಿಗಳ ಬಟ್ಟೆಗಳ ನಡುವೆ ತೂಗುತ್ತಿತ್ತು.

ಹೆಂಡತಿ, ಹನ್ನೆರಡು ವರ್ಷದ ಮಗಳು ಅವರೊಡನೆ ಹೊರಟರು. ನಾನೇ ಏರ್‌ಪೋರ್ಟಿಗೆ ಬಿಟ್ಟು ಬಂದೆ. ಮೂರನೇ ದಿನ ಬೆಳಿಗ್ಗೆ ಏಳೂವರೆಗೆ, ಅಂಗಡಿಗೆ ಹೊರಡುವ ಹೊತ್ತಿಗೆ ಮಗಳ ವಿಡಿಯೋ ಕಾಲ್ ಬಂತು. ಅಲ್ಲಿ ಸಂಜೆ. ಅವಳ ಹಿಂದೆ ಬಂಡೆಗಳು ನಿಜಕ್ಕೂ ಕೆಂಡದ ಬಣ್ಣಕ್ಕೆ ತಿರುಗಿದ್ದವು. ಷಡ್ಡಕ ಹಿಮದಲ್ಲಿ ಮಂಡಿಯೂರಿ ಅವಳ ಸ್ನೋ ಶೂವಿನ ಪಟ್ಟಿ ಬಿಗಿಯುತ್ತಿದ್ದ.

"ಅಪ್ಪ, ಚಿಕ್ಕಪ್ಪ ಈಸ್ ಸೋ ಗುಡ್ ಅಟ್ ದಿಸ್," ಎಂದಳು.

"ಹೌದಾ," ಎಂದೆ. ಆ ಮಗುವಿನ ಮೊದಲ ಶೂ ಲೇಸು ಕಟ್ಟಿದ್ದು ನಾನು. ಅವಳ ಸ್ಕೂಲಿನ ಪ್ರತಿ ನಾಟಕದ ಬಟ್ಟೆ ಹೊಲಿದದ್ದು ನಾನು. ಈಗ ಅವಳ ಕಾಲ ಹತ್ತಿರ ಮಂಡಿಯೂರಿದವನು ಅವನು. ಅವತ್ತು ಒಂದೇ ಪ್ಯಾಂಟಿನ ಕಾಲನ್ನು ಎರಡು ಸಲ ಮಡಿಸಿ ಹೊಲಿದು ಎರಡು ಸಲ ಬಿಚ್ಚಿದೆ.

ಭಾನುವಾರ ಜಾಕೆಟ್ಟು ಹಾಕಿಕೊಂಡು ಒಬ್ಬನೇ ತಾಹೋ ಸರೋವರದ ಬೆಟ್ಟಗಳ ಕಡೆಗೆ ಗಾಡಿ ಓಡಿಸಿದೆ. ಹಿಮ ಇಟಲಿಯಲ್ಲಿ ಮಾತ್ರ ಇದೆಯೇ ಎಂದು. ನಾಲ್ಕು ಗಂಟೆ ಹೋದ ಮೇಲೆ, ಹಿಮದಲ್ಲಿ ಜಾರದಂತೆ ಟೈರಿಗೆ ಚೈನು ಕಟ್ಟದವರು ಮುಂದೆ ಹೋಗುವ ಹಾಗಿಲ್ಲ ಎಂದು ತಡೆದರು. ನನ್ನ ಹತ್ತಿರ ಚೈನು ಇರಲಿಲ್ಲ. ಗಾಡಿ ತಿರುಗಿಸಿ ಒಂದು ಗ್ರೋಸರಿ ಅಂಗಡಿಯ ಅಂಗಳದಲ್ಲಿ ನಿಲ್ಲಿಸಿ, ಪಕ್ಕಕ್ಕೆ ತಳ್ಳಿದ್ದ ಹಿಮದ ಗುಡ್ಡೆಯ ಮುಂದೆ ನಿಂತು ನನ್ನ ಫೋಟೋ ನಾನೇ ತೆಗೆದೆ. ಮನೆಯವರ ಗ್ರೂಪಿಗೆ ಕಳಿಸಿ ಬರೆದೆ: ಇಲ್ಲೂ ಹಿಮ ಚೆನ್ನಾಗಿದೆ.

ಮೊದಲು ಮಗಳು ಉತ್ತರಿಸಿದಳು: ಅಪ್ಪ, ಈಸ್ ದಟ್ ಎ ಪಾರ್ಕಿಂಗ್ ಲಾಟ್?

ಆಮೇಲೆ ಷಡ್ಡಕ: ಜಾಕೆಟ್ ಸೂಪರ್ ಅಣ್ಣ, ಎಲ್ಲಿ ತಗೊಂಡ್ರಿ?

ಹೆಂಡತಿ ಏನೂ ಬರೆಯಲಿಲ್ಲ. ಫೋನೇ ಮಾಡಿದಳು.

"ರೀ, ಇದು ನೀವೇ ಹೊಲಿದಿದ್ದು. ಯಾವಾಗ?"

"ದೀಪಾವಳಿಗೆ ಮುಂಚೆ."

"ಬರೋ ಆಸೆ ಇದ್ರೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಅವನು ಇನ್ನೊಂದು ಸಲ ಕರೀಬೇಕಿತ್ತು."

"ಅವನಿಗೇನು ಕನಸು ಬೀಳುತ್ತಾ?" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

ಅವರು ವಾಪಸು ಬಂದ ದಿನ ಕರೆತರಲು ಹೋದೆ. ಎಲ್ಲರ ಮುಖವೂ ಬಿಸಿಲಿಗೆ ಕಂದಿತ್ತು. ಸೂಟ್‌ಕೇಸು ಗಾಡಿಗೆ ಇಡುತ್ತಾ ಷಡ್ಡಕ ಕೇಳಿದ, "ಅಣ್ಣ, ಮುಂದಿನ ಸಲ ನೀವೂ ಬರ್ತೀರಾ?"

"ನೋಡೋಣ, ಅಂಗಡಿ..."

"ಚಿಕ್ಕಪ್ಪ," ಎಂದಳು ಮಗಳು, "ಯು ಹ್ಯಾವ್ ಟು ಆಸ್ಕ್ ಹಿಮ್ ತ್ರೀ ಟೈಮ್ಸ್. ಅಮ್ಮ ಹೇಳಿದ್ಲು."

ಅವನು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. ಸೂಟ್‌ಕೇಸನ್ನು ಕೆಳಗಿಟ್ಟು, ನಮ್ಮ ಮಾವನ ಮನೆಯಲ್ಲಿ ಮೊದಲ ಸಲ ಕಂಡಾಗ ನಿಂತ ಹಾಗೆ ಕೈಕಟ್ಟಿ ನಿಂತ.

"ಬನ್ನಿ ಅಣ್ಣ. ನೀವು ಬರದಿದ್ರೆ ನಾವೂ ಹೋಗಲ್ಲ."

"ಹೂಂ," ಎಂದೆ. ಎರಡನೇ ಸಲಕ್ಕೇ ಅಂದುಬಿಟ್ಟೆ.

ಅದರಿಂದ ಹೊಟ್ಟೆಕಿಚ್ಚು ಆರಿತೆಂದು ಬರೆದರೆ ಸುಳ್ಳಾಗುತ್ತದೆ. ಈ ಡಿಸೆಂಬರಿನಲ್ಲಿ ಅವನು ನನ್ನ ಎದುರೇ ಇಳಿಜಾರಿನಲ್ಲಿ ಹಕ್ಕಿಯ ಹಾಗೆ ಹೋಗುತ್ತಾನೆ, ನಾನು ಐದು ವರ್ಷದ ಮಕ್ಕಳ ನಡುವೆ ಬೀಳುತ್ತೇನೆ, ಮಗಳು ಇಬ್ಬರನ್ನೂ ನೋಡುತ್ತಾಳೆ. ಆದರೆ ಅವಳ ಸ್ನೋ ಶೂ ನಾನು ಕಟ್ಟುತ್ತೇನೆ. ಅದಕ್ಕೆಂದೇ ಒಂದು ಜೊತೆ ತಂದು, ಭಾನುವಾರಗಳಲ್ಲಿ ಅಂಗಡಿಯ ಕಾರ್ಪೆಟ್ಟಿನ ಮೇಲೆ ಪಟ್ಟಿ ಬಿಗಿದು ಬಿಚ್ಚಿ ಕಲಿಯುತ್ತಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಮೂರು ಮೆಷಿನ್ನು, ಹೆಂಡತಿ, ಮಗಳು, ಒಂದು ನೀಲಿ ಜಾಕೆಟ್ಟು, ಒಂದು ಜೊತೆ ಸ್ನೋ ಶೂ, ಡಿಸೆಂಬರಿನ ಒಂದು ಟಿಕೆಟ್ಟು.