ಗೆರೆಯಾಚೆಯ ಮಣ್ಣು

ಹೋದ ಗುರುವಾರ ಶಿರಾದ ಮೈದಾನದಲ್ಲಿ ನನ್ನ ಮೊಮ್ಮಗಳು ಓಡುವ ಮೊದಲೇ ಸೋತಳು. ಆದರೂ ಇವತ್ತಿನವರೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಎಂದರೆ ನಂಬುತ್ತೀರಾ?

ತಾಲ್ಲೂಕು ಮಟ್ಟದ ಸ್ಪೋರ್ಟ್ಸು. ನಮ್ಮ ಚಂದನಾ ಒಂಬತ್ತನೇ ಕ್ಲಾಸು. ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಓಡಿ ಓಡಿ ಗಟ್ಟಿಯಾದ ಕಾಲು. ಗೆದ್ದರೆ ಮಧುಗಿರಿಯಲ್ಲಿ ಜಿಲ್ಲಾ ಮಟ್ಟ. ವರ್ಷವಿಡೀ ಅವಳಿಗೆ ಅದೊಂದೇ ಧ್ಯಾನ.

ಮೊದಲು ನೂರು ಮೀಟರ್. ಎಲ್ಲರೂ ಬಗ್ಗಿ ಗೆರೆಯ ಹಿಂದೆ ಕೈ ಊರಿದರು. ವಿಸಿಲ್ ಹಿಡಿದವರು 'ಸೆಟ್' ಎಂದರು. ಇವಳು ಗೆರೆಯಾಚೆ ಕೈ ಚಾಚಿ, ಮಣ್ಣು ಮುಟ್ಟಿ, ಕಣ್ಣಿಗೊತ್ತಿಕೊಂಡುಬಿಟ್ಟಳು! ವಿಸಿಲ್ ಬಿತ್ತು. ಕೆಂಪು ಬಾವುಟ ಎದ್ದಿತು. 'ಸೆಟ್' ಎಂದಮೇಲೆ ಅಲುಗಾಡಬಾರದಂತೆ.

(ನಮ್ಮಲ್ಲಿ ಹೊಲಕ್ಕೆ ಕಾಲಿಡುವ ಮುಂಚೆ ಕೈಯಲ್ಲಿ ಮುಟ್ಟುತ್ತೇವೆ. ತುಳಿಯುವ ಮೊದಲು ಒಂದು ಮಾತು ಕೇಳಿದ ಹಾಗೆ. ನಾನೇ ಕಲಿಸಿದ್ದು.)

"ಡಿಸ್‌ಕ್ವಾಲಿಫೈ ಆದ್ಲು ಅಜ್ಜಿ," ಎಂದರು ಮಕ್ಕಳನ್ನು ಕರೆತಂದಿದ್ದ ಇಂಗ್ಲಿಷ್ ಮೇಷ್ಟ್ರು.

"ಅಂಗಂದ್ರೆ ಏನ್ ಸ್ವಾಮಿ? ಏನಾರ ಕದ್ದುಬುಟ್ಲಾ?"

"ಅಯ್ಯೋ, ಇಲ್ಲ ಕಣಜ್ಜಿ. ಲ್ಯಾಟಿನ್ ಅಂತ ಹಳೇ ಭಾಷೆ ಐತೆ. ಅದ್ರಲ್ಲಿ 'ಕ್ವಾಲಿಸ್' ಅಂದ್ರೆ ಎಂಥದ್ದು ಅಂತ. ಇದಕ್ಕೆ ತಕ್ಕೋಳು ಅನ್ನಿಸ್ಕೊಂಡ್ರೆ ಕ್ವಾಲಿಫೈ. ಮುಂದೆ 'ಡಿಸ್' ಬಂದ್ರೆ ಅಲ್ಲ ಅಂತ. ಈ ಓಟಕ್ಕೆ ಇವ್ಳು ಅರ್ಹಳಲ್ಲ, ಅಷ್ಟೇ."

"ಈ ಓಟಕ್ಕೆ ಮಾತ್ರನಾ?"

"ಇದಕ್ಕೆ ಮಾತ್ರ. ಮಧ್ಯಾಹ್ನ ನಾನೂರು ಮೀಟರ್ ಐತಲ್ಲ!"

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. 'ಎಂಥವಳು?' ಎಂಬ ಪ್ರಶ್ನೆ ಒಂದು ಪದದ ಹೊಟ್ಟೆಯೊಳಗೆ ಕೂತಿರುತ್ತದೆಂದು ನನಗೇನು ಗೊತ್ತು? ಅವರ ಬಾವುಟ ಒಂದು ಓಟಕ್ಕಷ್ಟೇ. ನಾವು ಮಾತ್ರ ಒಂದು ಸಲ ತಪ್ಪಿದವರನ್ನು ಜನ್ಮಕ್ಕೇ ಕೆಲಸಕ್ಕೆ ಬಾರದವರು ಎಂದುಬಿಡುತ್ತೇವೆ, ಅಲ್ಲವೇ?

ಚಂದನಾ ಬೇವಿನ ಮರದಡಿ ಅಳುತ್ತಾ ಕೂತಿದ್ದಳು.

"ಇನ್ಮ್ಯಾಕೆ ಮುಟ್ಟಲ್ಲ ಬುಡಜ್ಜಿ."

"ಯಾಕ್ ಮುಟ್ಟಲ್ಲ? ಮುಂಚೆನೇ ಮುಟ್ಬುಟ್ಟು ನಿಂತ್ಕಳೆ!"

ಮಧ್ಯಾಹ್ನ ವಿಸಿಲ್ ಹಿಡಿದವರಿಗೆ ಇವಳ ಗುರುತು ಸಿಕ್ಕಿತು. "ಮುಟ್ಟಿದ್ದಾಯ್ತೇನಮ್ಮಾ?"

"ಆಯ್ತು ಸಾರ್!"

ಮೈದಾನವೆಲ್ಲ ನಕ್ಕಿತು.

ಆಮೇಲೆ? ಮುಂದೆ ಇವಳ ಜಡೆ, ಹಿಂದೆ ಧೂಳು, ಅದರ ಹಿಂದೆ ಉಳಿದವರೆಲ್ಲ! ನಾನು ಪಕ್ಕದಲ್ಲಿದ್ದ ಹೆಂಗಸನ್ನು ಗಟ್ಟಿಯಾಗಿ ತಬ್ಬಿಕೊಂಡೆ. (ಎರಡನೆಯವಳಾಗಿ ಬಂದದ್ದು ಆಕೆಯ ಮಗಳಂತೆ, ಪಾಪ. ಆದರೂ ತಬ್ಬಿಸಿಕೊಂಡರು.)

ಈಗ ಮಧುಗಿರಿಗೆ ಅವಳ ಜೊತೆ ನಾನೂ ಹೊರಟಿದ್ದೇನೆ. ಓಡುವವರು ಮಾತ್ರ ಮೈದಾನ ಮುಟ್ಟಬೇಕು ಎಂದೇನಾದರೂ ರೂಲ್ಸ್ ಇದೆಯೇ?