ಕುರಿ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿದರೆ

ತೆಲಂಗಾಣದ ಗಡಿಯ ಮಕ್ತಲ್ ಕಡೆಯ ಕುರಿಗಾರರಿಗೆ ಒಂದು ಪ್ರಶ್ನೆ ಮಾತ್ರ ಕೇಳಬೇಡಿ. "ಕುರಿ ಎಷ್ಟು ಅದಾವು?"

"ಏನೋ ನಾಕು ಅದಾವ್ರಿ" ಎನ್ನುತ್ತಾರೆ. ಅವರ ಬೆನ್ನ ಹಿಂದೆ ನೋಡಿದರೆ ರಸ್ತೆ ತುಂಬ ಕುರಿ! ಹಾಗಂತ ಅವರು ಸುಳ್ಳುಗಾರರಲ್ಲ. ಕುರಿ ಕಾಯುವ ದೇವರು ಬೀರಪ್ಪ ಕೊಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆಂಬ ಭಯ. ನನಗೂ ಆ ಭಯ ಇದೆ. (ನಾರಾಯಣಪೇಟೆಯಲ್ಲಿ ಮನೆ ಮಾಡಿ, ಪ್ಯಾಂಟು ಹಾಕಿದರೆ ಹೋಗುವ ಭಯವಲ್ಲ ಅದು.)

ಇದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ?

ಕೇಳಿಯೇಬಿಟ್ಟರು. ಮಕ್ತಲಿನಲ್ಲಿರುವ ನನ್ನ ಅಣ್ಣನ ಮಗಳು ಮಾಳಮ್ಮನಿಗೆ. ಅವಳು ಪಶುವೈದ್ಯೆ. ಕುರಿಗಳ ರೋಗದ ಬಗ್ಗೆ ಇನ್ನಷ್ಟು ಓದಲು ನ್ಯೂಜಿಲೆಂಡಿನಲ್ಲಿ ಸೀಟು ಸಿಕ್ಕಿದೆ. ಕುರಿಗಳದೇ ದೇಶವಂತೆ, ಮೈ ಕೊರೆಯುವ ಚಳಿಯಂತೆ. ಆದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಅವರು ಹೇಳಿದಷ್ಟು ಸ್ಕೋರ್ ಬರಬೇಕು. ಬಾರದಿದ್ದರೆ ಸೀಟು ಬೇರೆಯವರ ಪಾಲು.

ಅದಕ್ಕೇ ಗದ್ವಾಲದ ಒಂದು ಕೋಚಿಂಗ್ ಸೆಂಟರ್ ಸೇರಿದಳು. ಅಲ್ಲಿ ಬರೀ ಅಕಾಡೆಮಿಕ್ ಶಬ್ದಗಳು. ಬಹಳ ಅನ್ನುವ ಕಡೆ ಕನ್ಸಿಡರೆಬಲ್ ಅನ್ನಬೇಕು. ಕೆಟ್ಟದ್ದು ಅನ್ನುವ ಕಡೆ ಡೆಟ್ರಿಮೆಂಟಲ್. ಹಟ್ಟಿಯಲ್ಲಿ ಮೇವು ಹಾಕುವಾಗಲೂ ಅವಳ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು.

"ಯಾರಿಗರ ಮಂತ್ರ ಹಾಕಾಕತ್ಯಾಳೇನೋ ಈಕಿ?" ಎಂದು ನನ್ನ ಅವ್ವ ಮೊಮ್ಮಗಳನ್ನು ಅನುಮಾನದಿಂದ ನೋಡುತ್ತಿದ್ದಳು.

ಕೋಚಿಂಗಿನಲ್ಲಿ ಮಾದರಿ ಪರೀಕ್ಷೆ ನಡೆಯಿತು. ನಿಮ್ಮ ಮನೆಯ ಕುರಿಗಳ ಬಗ್ಗೆ ಹೇಳಿ ಎಂದು ಮಾಸ್ತರರು ಇಂಗ್ಲಿಷಿನಲ್ಲಿ ಕೇಳಿದರು. "ನಾಲ್ಕಿವೆ" ಎಂದಳು. ಚೆನ್ನಾಗಿವೆಯೇ? "ಏನೋ ಇವೆ." ಅಷ್ಟೇ! ಬಾಯಿ ಮುಚ್ಚಿತು, ಮಾರ್ಕು ನೆಲ ಕಚ್ಚಿತು. ಹುಡುಗಿಗೆ ಶಬ್ದ ಸಾಲದು, ಇನ್ನೊಂದು ಕೋರ್ಸ್ ಸೇರಲಿ ಎಂದರು ಮಾಸ್ತರರು.

ನನಗೆ ಆಗಲೇ ವಾಸನೆ ಹೊಡೆಯಿತು. ಶಬ್ದ ಸಾಲದ್ದೋ, ಕೋರ್ಸ್ ಖಾಲಿ ಉಳಿದದ್ದೋ? ನೇರ ಗದ್ವಾಲದ ಬಸ್ಸು ಹತ್ತಿದೆ.

"ಇಲ್ಲಿ ಓದಿದವರೊಳಗ ಎಷ್ಟು ಮಂದಿ ಪಾಸಾಗ್ಯಾರ್ರಿ?" ಎಂದು ಮಾಸ್ತರರನ್ನು ಕೇಳಿದೆ.

"ಕನ್ಸಿಡರೆಬಲ್ ನಂಬರ್ ಸಾರ್."

"ಅಂದ್ರ ಎಷ್ಟ್ರಿ?"

"ಚಾಲಾ ಮಂದಿ, ಭಾಳ ಮಂದಿ ಸಾರ್. ಟು ಸಮ್ ಎಕ್ಸ್‌ಟೆಂಟ್, ಎಲ್ಲಾರೂ."

"ನಮ್ಮ ಹುಡುಗಿ?"

"ಹೈಲಿ ಲೈಕ್ಲಿ. ಆದ್ರ ಗ್ಯಾರಂಟಿ ಹೇಳಾಕ ಬರಂಗಿಲ್ಲ ಸಾರ್."

ನಗುವೂ ಬಂತು, ಸಿಟ್ಟೂ ಬಂತು. ಈತನೂ ಲೆಕ್ಕ ಹೇಳದ ಕುರಿಗಾರನೇ! ಆದರೆ ನಮ್ಮವರು ಬಹಳ ಇದ್ದದ್ದನ್ನು ಮುಚ್ಚುತ್ತಾರೆ. ಈತ ಮುಚ್ಚುತ್ತಿದ್ದದ್ದು ಏನನ್ನು?

ವಾಪಸು ಬರುತ್ತ ಮಕ್ತಲಿನಲ್ಲಿ ಇಳಿದು ಮಾಳಮ್ಮನಿಗೆ ಎಲ್ಲ ಹೇಳಿದೆ. ಅವಳು ಯೋಚಿಸಿದಳು.

"ಕಾಕಾ, ಕನ್ಸಿಡರೆಬಲ್ ಅಂದ್ರ ದೃಷ್ಟಿ ತಾಗೂದಿಲ್ಲೇನು?"

"ಎಷ್ಟಂತ ಹೇಳೇ ಇಲ್ಲಲ್ಲವ್ವ, ಹೆಂಗ ತಾಗತೈತಿ?"

ಅವಳ ಮುಖ ಅರಳಿತು. ಅವತ್ತಿನಿಂದ ನೋಡಿ, ಹುಡುಗಿ ನಿಲ್ಲಿಸಲೇ ಇಲ್ಲ. ರಿಲೇಟಿವ್ಲಿ ಹೆಲ್ದಿ, ಅಪ್ರಾಕ್ಸಿಮೇಟ್ಲಿ ಅಡಿಕ್ವೇಟ್! ಹಿಂಡಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿದರೂ ಒಂದು ಮರಿಯ ಲೆಕ್ಕ ಹೊರಬೀಳುತ್ತಿರಲಿಲ್ಲ. ದೊಡ್ಡ ಓದಿನ ಇಂಗ್ಲಿಷನ್ನು ಮಾಡಿದವರು ಕುರಿ ಕಾಯ್ದವರೇ ಇರಬೇಕು ಎಂಬ ಗುಮಾನಿ ನನಗೆ ಇನ್ನೂ ಹೋಗಿಲ್ಲ.

ಪರೀಕ್ಷೆ ಬರೆದಳು. ಮೊನ್ನೆ ರಿಸಲ್ಟ್ ಬಂತು. ಕೂಡಲೇ ಫೋನ್ ಮಾಡಿದೆ.

"ಏನಾತವ್ವ?"

"ಏನೋ ಆತು ಕಾಕಾ."

"ಬೇಕಾದಷ್ಟು ಬಂತೋ ಇಲ್ಲೋ?"

"ಟು ಸಮ್ ಎಕ್ಸ್‌ಟೆಂಟ್."

ನಾನೇ ಕಲಿಸಿದ ವಿದ್ಯೆ ನನಗೇ! ತಡೆಯಲಾರದೆ ಮಕ್ತಲಿಗೆ ಹೋದೆ. ಅಣ್ಣ ಬಿಸಿಲಿನ ಬಗ್ಗೆ ಮಾತಾಡಿದ. ಅತ್ತಿಗೆ ಚಹಾ ಕೊಟ್ಟು ಒಳಗೆ ಹೋದಳು. ಒಬ್ಬರೂ ಬಾಯಿ ಬಿಡಲಿಲ್ಲ. (ಇದನ್ನೆಲ್ಲ ಬರೆದು ನಾನೇ ದೃಷ್ಟಿ ತಾಗಿಸುತ್ತಿಲ್ಲ ತಾನೇ?)

ಒಳಗಿನ ಕೋಣೆಯಲ್ಲಿ ಅವ್ವ ಒಬ್ಬಳೇ ಕೂತಿದ್ದಳು. ಮುಂದೆ ಹೊಸ ಕರಿ ಕಂಬಳಿ. ಅದರ ಮಡಿಕೆಯೊಳಗೆ ಬೀರಪ್ಪನ ಭಂಡಾರದ, ಅಂದರೆ ಪ್ರಸಾದದ ಅರಿಶಿನದ, ಪೊಟ್ಟಣ ಇಡುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಯಾರಿಗವ್ವ ಇದು?"

"ಯಾರಿಗಿಲ್ಲಪ್ಪ. ಸುಮ್ನ."

ಸುಮ್ಮನೆಯಂತೆ! ತಲೆ ಸೀಳುವ ಈ ಬಿಸಿಲಲ್ಲಿ, ನಮ್ಮ ಮಕ್ತಲಿನಲ್ಲಿ ಹೊಸ ಕಂಬಳಿ ಯಾರಿಗೆ ಬೇಕು, ನೀವೇ ಹೇಳಿ?