ಅಕ್ಕೋರು ಕೊಟ್ಟ ಅರವತ್ತು ಶಬ್ದಗಳು

ಅಕ್ಕೋರ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಬಲಗಿವಿಗೆ ಮುತ್ತಿನ ಓಲೆ, ಎಡಗಿವಿ ಬರಿದು. ಹೊಲಿಸಿಕೊಳ್ಳಬಾರದೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ನಮ್ಮವ್ವ ಜಗ್ಗಿದ್ದು ಇದು. ಊರವರು ದೆವ್ವ ಅಂದ್ರು, ಬೇವಿನ ಬರಲಿಂದ ಬಡದ್ರು. ಅಕಿಗೆ ಬ್ಯಾನಿ ಇತ್ತು, ದೆವ್ವ ಅಲ್ಲ. ಇರ್ಲಿ ಬಿಡ್ರಿ, ನೆನಪಿಗೆ."

ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಅವರು ಐನಾಪುರದ ನಮ್ಮ ಓಣಿಗೆ ಬಂದರು. ಮನೆಯಲ್ಲಿದ್ದೇ ಬಿ.ಎ. ಪರೀಕ್ಷೆ ಕಟ್ಟುವ ಹೆಂಗಸರಿಗೆ ಮಧ್ಯಾಹ್ನ ಪಾಠ ಹೇಳುತ್ತಿದ್ದರು. ನಾನು ಓದುವ ಆಸೆಗೆ ಹೋದೆನೆಂದು ಓಣಿಯಲ್ಲಿ ತಿಳಿದಿದ್ದಾರೆ. ಸುಳ್ಳು. ಸುಗ್ಗಿಗೆ ಮುಂಚೆ ಕುಡಗೋಲು ಹಣಿಸಲು ಕಮ್ಮಾರನ ಹತ್ತಿರ ಹೋಗುತ್ತಾರಲ್ಲ, ಹಾಗೆ ಹೋದೆ. ಕೊಯ್ಯಬೇಕಾದದ್ದು ನನ್ನ ನಾದಿನಿಯನ್ನು.

ನಾದಿನಿ ಎಂದರೆ ನನ್ನ ಗಂಡನ ಅಕ್ಕ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನನಗೆ ತವರಿನಲ್ಲಿ ಅವ್ವ ಇರಲಿಲ್ಲ. ಎರಡನೆಯ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಒಂದೂವರೆ ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕೂಸು ಅತ್ತರೆ ಬೇರೆ ಯಾರ ಮನೆಯಲ್ಲೋ ಅತ್ತಂತೆ ಕೇಳುತ್ತಿತ್ತು. ನಾದಿನಿ ಓಣಿಯ ತುಂಬ ಹೇಳಿದಳು: "ನಮ್ಮ ತಮ್ಮಗ ಹುಚ್ಚಿ ಗಂಟ ಬಿದ್ದಾಳ ನೋಡ್ರೆವಾ."

ನಾನು ಎದ್ದು ಓಡಾಡುವಂತಾದ ಮೇಲೆ ನೆಂಟರ ಮನೆಯಲ್ಲೊಂದು ಕುಬಸ. ಬಸುರಿಯ ಉಡಿ ತುಂಬಲು ಮುತ್ತೈದೆಯರು ಒಬ್ಬೊಬ್ಬರಾಗಿ ಏಳುತ್ತಿದ್ದರು. ನನ್ನ ಸರದಿ ಬಂದಾಗ ನಾದಿನಿ ಅಕ್ಕಿಯ ತಾಟನ್ನು ಹಿಂದಕ್ಕೆ ಎಳೆದುಕೊಂಡಳು. "ಇಕಿ ಕೈ ಬ್ಯಾಡ್ರಿ." ಅಷ್ಟೇ ಅಂದದ್ದು. ಹನ್ನೊಂದು ವರ್ಷ ನಮ್ಮ ಬಳಗದಲ್ಲಿ ಯಾರೂ ನನ್ನನ್ನು ಉಡಿ ತುಂಬಲು ಕರೆಯಲಿಲ್ಲ.

ಶಿವ ನನಗೆ ಕೊಟ್ಟದ್ದು ಕಡಿಮೆಯಲ್ಲ. ಮಕ್ಕಳಿಬ್ಬರೂ ಗಟ್ಟಿಯಾಗಿದ್ದಾರೆ, ಗಂಡ ಒಂದು ದಿನ ಕೈ ಎತ್ತಿದವನಲ್ಲ, ಹಿತ್ತಿಲ ಮಲ್ಲಿಗೆ ಚಳಿಗಾಲದಲ್ಲೂ ಪೂಜೆಗಾಗುವಷ್ಟು ಬಿಡುತ್ತದೆ. ಸೋಮವಾರ ಸೋಮವಾರ ಇವನ್ನೆಲ್ಲ ಎಣಿಸಿ ಕೈ ಮುಗಿಯುತ್ತಿದ್ದೆ. ಎಣಿಸಿ ಮುಗಿದ ಮೇಲೆ ಕಡೆಯ ಬಿಲ್ವಪತ್ರೆ ಏರಿಸಿ ಕೇಳುತ್ತಿದ್ದೆ: ಶಿವನೇ, ಅವಳ ಮನೆಯಲ್ಲೂ ಒಬ್ಬರು ಹೀಗೆ ಗೋಡೆಗೆ ಮುಖ ಮಾಡಿ ಮಲಗಲಿ.

ಅಕ್ಕೋರು ಮೊದಲ ದಿನವೇ ಅರವತ್ತು ಶಬ್ದ ಬರೆಸಿದರು. ಅರ್ಥ ಉರು ಹೊಡೆದರೆ ಅವರಿಗೆ ಸಾಲದು. ಪ್ರತಿ ಶಬ್ದಕ್ಕೂ ಮೂರು ಉದಾಹರಣೆ ಬೇಕು: ಮೊದಲನೆಯದು ನಿನ್ನದು, ಎರಡನೆಯದು ನಿನಗೆ ಬೇಕಾದವರದು, ಮೂರನೆಯದು ಬೇಡಾದವರದು. "ಒಗ್ಗರಣಿ ಚಟ್ ಅಂದದ್ದು ಕಿವಿಗೆ ಬಿತ್ತಲ್ಲ, ಅದು ಸಂವೇದನೆ. ಸಾಸಿವಿ ಹೊತ್ತೇತಿ ಅಂತ ಓಡಿದೆಲ್ಲ, ಅದು ಗ್ರಹಿಕೆ. ಮನಃಶಾಸ್ತ್ರ ಅಡಗಿಮನ್ಯಾಗ ಐತಿ, ಹುಡುಕು ಹೋಗು."

ನಾನು ಹುಡುಕಿದೆ. ನಿರಾಕರಣೆ ಎಂದರೆ, ಉಪ್ಪು ಹೆಚ್ಚಾದರೂ ಒಪ್ಪದ ನಾದಿನಿ. ಗೀಳು ಎಂದರೆ, ಬೀಗ ಹಾಕಿದ ಬಾಗಿಲನ್ನು ಮೂರು ಸಲ ಜಗ್ಗಿ ನೋಡುವ ನಾದಿನಿ. ಪ್ರಕ್ಷೇಪಣೆ ಎಂದರೆ, ತನ್ನ ಹೊಟ್ಟೆಕಿಚ್ಚನ್ನು ಊರ ಹೆಂಗಸರ ಮೇಲೆ ಹೇರುವ ನಾದಿನಿ. ಒಂದೇ ವಾರದಲ್ಲಿ ನಲವತ್ತು ಶಬ್ದ ಮುಗಿಸಿ ಒಯ್ದೆ. ಅಕ್ಕೋರು ಪುಟ ತಿರುವುತ್ತ ತಿರುವುತ್ತ ನಗತೊಡಗಿದರು.

"ಇದು ನೋಟ್‌ಬುಕ್ ಅಲ್ಲ ತಂಗಿ, ನಿನ್ನ ನಾದಿನಿ ಜಾತಕ. ನಿನ್ನ ಮನಿ ಯಾಕ ಖಾಲಿ ಐತಿ?"

"ನನ್ನ ಬಗ್ಗೆ ಬರಿಯೂದು ಏನೈತ್ರಿ ಅಕ್ಕೋರ?"

"ಬರಿ. ತನಗ ಹಚ್ಚಿಕೊಳ್ಳದ ಶಬ್ದ ಮಂದಿಗೆ ಹಚ್ಚಿದ್ರ ಅದು ಬೈಗಳ ಆಗ್ತೈತಿ."

ಸಹಿ ಹಾಕದೆ ತಿರುಗಿ ಕೊಟ್ಟರು. ನನಗೆ ಸಿಟ್ಟು ಬಂತು. ಆದರೂ ಬರೆದೆ. ಖಿನ್ನತೆ ಎಂಬ ಶಬ್ದಕ್ಕೆ ಬಂದಾಗ ಕೈ ತಡೆಯಿತು. ಆ ಗೋಡೆ, ಆ ಕೂಸಿನ ಅಳು, ಎಲ್ಲ ಬರೆದುಬಿಟ್ಟೆ. ಅಕ್ಕೋರು ಓದಿ ಚಾಳೀಸು ತೆಗೆದಿಟ್ಟರು.

"ಇದು ಬಾಣಂತಿ ಖಿನ್ನತೆ, ತಂಗಿ. ಎಷ್ಟೋ ಮಂದಿಗೆ ಆಗ್ತೈತಿ. ಔಷಧ ಐತಿ, ವಾಸಿ ಆಗ್ತೈತಿ. ನಿನಗ ಯಾರೂ ಹೇಳಲಿಲ್ಲ, ಅದು ನಿನ್ನ ತಪ್ಪಲ್ಲ."

ಆ ದಿನ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಆದರೆ ಸಿಟ್ಟು ಇಳಿಯಲಿಲ್ಲ, ಏರಿತು. ನನಗೆ ಏನು ಮಾಡಿದ್ದರೆಂಬುದು ಈಗಷ್ಟೇ ಸರಿಯಾಗಿ ಗೊತ್ತಾಗಿತ್ತು.

ಹೋದ ವರ್ಷ ನಾದಿನಿಯ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಹೆತ್ತು ಎಂಟೊಂಬತ್ತು ದಿನವಾದರೂ ಗೋಡೆಯಾಚೆ ಕೂಸು ಅಳುತ್ತಲೇ ಇತ್ತು. ಖಾರದ ಉಂಡೆ ಕೊಡುವ ನೆಪದಲ್ಲಿ ಹೋಗಿ ನೋಡಿದೆ. ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಮಾಮಿ, ಇದನ್ನ ಯಾರರ ಒಯ್ರಿ. ನನ್ನ ಕಡೆ ಆಗೂದಿಲ್ಲ," ಅಂದಳು. ನಾದಿನಿ ನನ್ನನ್ನು ಬೇಗ ಬೇಗ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

ಸುಳ್ಳು ಹೇಳಲಾರೆ, ನನಗೆ ಖುಷಿಯಾಯಿತು. ಓಣಿಯಲ್ಲಿ ಒಂದು ಮಾತು ಬಿಟ್ಟರೆ ಸಾಕು, ಸಂಜೆಯೊಳಗೆ ಬೀಗರ ಊರು ಉಗಾರಕ್ಕೆ ಮುಟ್ಟುತ್ತದೆ. ಹುಡುಗಿಯನ್ನು ಗಂಡನ ಮನೆಯವರು ತಿರುಗಿ ಕರೆಯುವುದಿಲ್ಲ. ನೇರ ಅಕ್ಕೋರ ಮನೆಗೆ ಹೋದೆ. ಅವರಿಗೆ ಆಗ ಉಬ್ಬಸ, ದಿಂಬಿಗೆ ಒರಗಿ ಕೂತಿದ್ದರು.

"ಶಿವ ನನ್ನ ಮಾತ ಕೇಳ್ಯಾನ್ರಿ ಅಕ್ಕೋರ."

ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. "ಸೇಡ ತೀರಸ್ಕೊ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಹುಡುಗಿ ನಿನಗೇನ ಮಾಡೇತಿ?" ಎಂದರು. ಉಸಿರು ತಿರುಗಿಸಿಕೊಂಡು ಮತ್ತೆ ಹೇಳಿದರು: "ನಿನ್ನ ನಾದಿನಿ ನಾಕ ಮಂದ್ಯಾಗ ತಪ್ಪ ಶಬ್ದ ಅಂದ್ಲು. ನೀ ನಾಕ ಮಂದ್ಯಾಗ ಸರಿ ಶಬ್ದ ಅನ್ನು. ಅಕಿ ಎದುರಿಗೆ ನಿಂತು ಅನ್ನು."

ಹದಿಮೂರನೆಯ ದಿನ ತೊಟ್ಟಿಲು. ಉಗಾರದಿಂದ ಬೀಗರು ಬಂದಿದ್ದರು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಮಡಿಲಿಗೆ ಕೂಸು ಕೊಟ್ಟರೆ ಅವಳು ಕೈ ಚಾಚಲಿಲ್ಲ. ಬೀಗಿತ್ತಿ ಕೇಳಿದರು: "ಯಾಕ್ರಿ, ಏನಾಗೇತಿ ಹುಡುಗಿಗೆ?"

"ದೃಷ್ಟಿ ಆಗೇತ್ರಿ," ಎಂದಳು ನಾದಿನಿ. ನನ್ನ ಕಡೆ ನೋಡಿಕೊಂಡೇ ಅಂದಳು.

ನಾನು ಎದ್ದೆ. ಉಡಿ ಅಕ್ಕಿಯ ತಾಟಿಗೆ ಕೈ ಹಾಕಿದೆ. ನಾದಿನಿಯ ಕೈಯೂ ಬಂತು. ಇಬ್ಬರೂ ತಾಟಿನ ಎರಡು ಅಂಚು ಹಿಡಿದು ನಿಂತೆವು.

"ಕೈ ತಗಿ ಅಕ್ಕಾ. ದೃಷ್ಟಿ ಅಲ್ಲ, ಹುಚ್ಚೂ ಅಲ್ಲ. ಇದು ಬಾಣಂತಿ ಖಿನ್ನತೆ. ನನಗೂ ಆಗಿತ್ತು, ನೀ ಹುಚ್ಚಿ ಅಂದಿದ್ದಿ. ಬೀಗತೇರ, ಗಾಬರಿ ಆಗಬ್ಯಾಡ್ರಿ, ಇದು ವಾಸಿ ಆಗೂ ಬ್ಯಾನಿ. ನಾಳೆ ಮಿರಜಕ್ಕ ಡಾಕ್ಟರ ಕಡೆ ನಾನ ಕರಕೊಂಡ ಹೋಗ್ತೀನಿ."

ಬೀಗಿತ್ತಿ ಕೂಸನ್ನು ಎತ್ತಿಕೊಂಡು, "ನಾನೂ ಬರ್ತೀನ್ರಿ," ಅಂದರು. ನಾದಿನಿಯ ಬೆರಳು ಒಂದೊಂದಾಗಿ ಸಡಿಲಿದವು. ಅವಳ ಮುಖದ ಬಣ್ಣ ಇಳಿದದ್ದನ್ನು ಕಣ್ಣು ತುಂಬ ನೋಡಿ, ಹುಡುಗಿಯ ಉಡಿ ತುಂಬಿದೆ. ಕರುಣೆಯಿಂದ ಮಾಡಿದೆನೆಂದು ಯಾರೂ ತಿಳಿಯಬಾರದು. ಆ ಮುಖವನ್ನು ಈಗಲೂ ಪ್ರಸಾದದಂತೆ ನೆನೆಯುತ್ತೇನೆ. ಪಾಪ ಬಂದರೆ ಬರಲಿ.

ಔಷಧ ಹಿಡಿಸಿತು. ನಾಲ್ಕನೆಯ ತಿಂಗಳಿಗೆ ಹುಡುಗಿ ಕೂಸನ್ನೆತ್ತಿಕೊಂಡು ನಗುನಗುತ್ತ ಗಂಡನ ಮನೆಗೆ ಹೋದಳು. ಆ ದಿನ ನಾದಿನಿ ನಮ್ಮ ಮನೆಗೆ ಹೋಳಿಗೆ ಕಳಿಸಿದಳು. ಆಕಳಿಗೆ ಹಾಕಿದೆ. ಅಕ್ಕೋರಿಗೆ ಹೇಳಿದಾಗ ಕೆಮ್ಮು ಬರುವಷ್ಟು ನಕ್ಕರು: "ಆಕಳ ಪುಣ್ಯಾ ಮಾಡಿತ್ತು ಬಿಡು."

ಶ್ರಾವಣದಲ್ಲಿ ಅಕ್ಕೋರು ಹೋದರು. ಹಿಂದಿನ ದಿನ ನನ್ನ ಅರವತ್ತೂ ಶಬ್ದಗಳನ್ನು ನೋಡಿ ಸಹಿ ಹಾಕಿದ್ದರು. ಅವರಿಗೆ ಸ್ನಾನ ಮಾಡಿಸಿ ವಿಭೂತಿ ಹಚ್ಚುವ ಪುಣ್ಯ ನನಗೆ ಸಿಕ್ಕಿತು. ಶಿವ ಕೊಟ್ಟದ್ದರಲ್ಲಿ ಅದನ್ನೂ ಎಣಿಸಿಕೊಂಡಿದ್ದೇನೆ. ಮಣ್ಣಿಗೆ ಒಯ್ದ ಮೇಲೆ ಅಂಗಳದಲ್ಲಿ ಹೆಂಗಸರು ಕೂತಿದ್ದಾಗ ನಾದಿನಿ ಬಂದು ನನ್ನ ಪಕ್ಕದಲ್ಲಿ ಕೂತಳು.

"ಅಲ್ಲಬೇ, ನಾ ನಿನಗ ಮಾಡಿದ್ದು ಕಣ್ಣಮುಂದ ಬರ್ತೈತಿ. ಊಟ ಸೇರೂದಿಲ್ಲ. ಇದಕ್ಕೂ ನಿಮ್ಮ ಅಕ್ಕೋರು ಏನರ ಹೆಸರ ಹೇಳ್ಯಾರೇನ?"

"ಐತಿ," ಅಂದೆ.

"ಏನದು?"

"ನೋಡಿ ಹೇಳ್ತೀನಿ."

ನೋಡುವುದೇನೂ ಇರಲಿಲ್ಲ. ಅಪರಾಧಿ ಭಾವ, ಶಬ್ದ ನಾಲಗೆಯ ತುದಿಯಲ್ಲೇ ಇತ್ತು. ಹೇಳಬೇಕು, ಅದು ಅಕ್ಕೋರ ಋಣ. ಹೇಳುತ್ತೇನೆ. ನನ್ನ ಶಬ್ದಕ್ಕಾಗಿ ನಾನು ಹನ್ನೊಂದು ವರ್ಷ ಕಾದಿದ್ದೇನೆ. ಅವಳು ಹನ್ನೊಂದು ದಿನ ಕಾಯಲಿ.